ಬೂದಿ ಬಿಲ್ಲೆಯ ಹುಡುಗಿ

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇದು ಗೌರವದಿಂದ ಬಂದ ಸಂಯಮವೆಂದು ಓದುಗರು ತಿಳಿದರೆ ನನ್ನ ಅಭ್ಯಂತರವಿಲ್ಲ. ನಿಜವಾದ ಕಾರಣ ಹೆದರಿಕೆ. ಹೆಸರು ಹಾಕಿದರೆ ಇದು ತನ್ನ ಬಗ್ಗೆಯೇ ಬರೆದದ್ದೆಂದು ಆಕೆಗೆ ತಿಳಿಯುತ್ತದೆ, ತಿಳಿದರೆ ತಿದ್ದುಪಡಿಗಳು ಬರುತ್ತವೆ. ಆಕೆಗೆ ಕನ್ನಡ ಓದಲು ಅಷ್ಟಾಗಿ ಬರುವುದಿಲ್ಲ. ಅಕ್ಕಲಕೋಟದಲ್ಲಿ ಮರಾಠಿ ಸಾಲಿ ಕಲಿತವಳು. ಕನ್ನಡವೇನಿದ್ದರೂ ಮನೆಯಲ್ಲಿ, ಬಸ್ಸಿನಲ್ಲಿ ಮತ್ತು ಸಿಟ್ಟು ಬಂದಾಗ. ಆದರೆ ಆಕೆಯ ತಾಯಿಗೆ ಓದಲು ಬರುತ್ತದೆ, ಮತ್ತು ಆ ತಾಯಿ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಜಾತಿಯವರು.

ಹೋದ ತಿಂಗಳು ಆಕೆ ಸೊಲ್ಲಾಪುರ ಬಿಟ್ಟಳು. ನಮ್ಮ ಪ್ರಯೋಗಶಾಲೆಯ ಕಿಟಕಿಯ ಬಳಿ ಆಕೆ ಕೂರುತ್ತಿದ್ದ ಜಾಗದಲ್ಲಿ ಈಗ ನೀರಿನ ಫಿಲ್ಟರ್ ಇಟ್ಟಿದ್ದಾರೆ. ಫಿಲ್ಟರ್ ಕೂಡ ಪ್ರಾಮಾಣಿಕ ವಸ್ತುವೇ, ದೂರು ಹೇಳುವಂತಿಲ್ಲ. ಆದರೆ ಎದುರು ಮಾತಾಡುವುದಿಲ್ಲ, ಆದ್ದರಿಂದ ಮಧ್ಯಾಹ್ನಗಳು ಉದ್ದವಾಗಿವೆ.

ನನ್ನ ಪರಿಚಯವನ್ನೂ ಒಂದು ಸಾಲಿನಲ್ಲಿ ಮುಗಿಸುತ್ತೇನೆ. ನಾನು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ನಿವೃತ್ತಿಯ ಮೇಲೆ ನನಗೆ ಪಗಾರವಿಲ್ಲದ ಒಂದು ಪದವಿ, ಕೈಯಿಲ್ಲದ ಒಂದು ಕುರ್ಚಿ ಮತ್ತು ಪ್ರಯೋಗಶಾಲೆಯ ಕೀಲಿಕೈ ಕೊಟ್ಟರು. ಯಾವ ಸ್ವಿಚ್ಚು ಶಾಕ್ ಹೊಡೆಯುತ್ತದೆ ಎಂಬುದು ನನಗೊಬ್ಬನಿಗೇ ನೆನಪಿದ್ದುದರಿಂದ ನನ್ನನ್ನು ಮನೆಗೆ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆಕೆ ಬಂದದ್ದು ನಮ್ಮ ಭಟ್ಟಿ ಕೇಳಿಕೊಂಡು. ಭಟ್ಟಿಯೆಂದರೆ ಬ್ರೆಡ್ಡಿನದಲ್ಲ, ಸಾವಿರ ಡಿಗ್ರಿಯವರೆಗೆ ಕಾಯಿಸುವ ವಿದ್ಯುತ್ ಕುಲುಮೆ. ಪಿಎಚ್‌ಡಿ ಮುಗಿದಿತ್ತು. ಅಕ್ಕಲಕೋಟದ ಕಾಲೇಜಿನಲ್ಲಿ 'ತಾಸಿಕಾ' ಮಾಸ್ತರಣಿಯಾಗಿದ್ದಳು, ಅಂದರೆ ಎಷ್ಟು ತಾಸು ಪಾಠವೋ ಅಷ್ಟೇ ದುಡ್ಡು. ಹಬ್ಬ ಬಂದರೆ ಸರಕಾರಕ್ಕೆ ಲಾಭ, ಆಕೆಗೆ ಉಪವಾಸ. ಮುಂಜಾನೆ ಅಲ್ಲಿ ಪಾಠ, ಆಮೇಲೆ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಸಂಶೋಧನೆಗೆ. ಸಂಶೋಧನೆಗೆ ಯಾರೂ ತಾಸಿನ ಲೆಕ್ಕದಲ್ಲಿ ಕೊಡುತ್ತಿರಲಿಲ್ಲ, ಯಾವ ಲೆಕ್ಕದಲ್ಲಿಯೂ ಕೊಡುತ್ತಿರಲಿಲ್ಲ.

ನಾನು ಪದವಿಗೆ ತಕ್ಕ ಗಾಂಭೀರ್ಯ ತಂದುಕೊಂಡು, ಭಟ್ಟಿಯ ಕೆಲಸ ಬರುತ್ತದೆಯೇ ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿದಳು.

"ಹಚ್ಚಾಕ ಬರತೈತ್ರಿ ಸರ್. ಆರಸಾಕೂ ಬರತೈತಿ. ನಡುವ ಒಳಗ ಏನಾಗತೈತಿ ಅನ್ನೂದು ಇನ್ನೂ ಪೂರ್ತಿ ಗೊತ್ತಿಲ್ರಿ."

ಎಷ್ಟೋ ಪಿಎಚ್‌ಡಿಗಳ ಮೌಖಿಕ ಪರೀಕ್ಷೆಯಲ್ಲಿ ಕೂತು ಚಹಾ ಕುಡಿದವನು ನಾನು. ನಡುವೆ ಏನಾಗುತ್ತದೆಂದು ಎಲ್ಲರಿಗೂ ಪೂರ್ತಿ ಗೊತ್ತಿರುತ್ತಿತ್ತು. ಕೀಲಿಕೈಯ ಇನ್ನೊಂದು ಪ್ರತಿ ಮಾಡಿಸಿ ಕೊಟ್ಟೆ.

ಆಕೆಯ ವಿದ್ಯೆಯ ಹೆಸರು ವಸ್ತುವಿಜ್ಞಾನ. ಹೆಸರು ದೊಡ್ಡದು, ಕೆಲಸ ಅಡುಗೆಮನೆಯದು. ಒಂದೆರಡು ಪುಡಿಗಳನ್ನು ಅಗೇಟ್ ಕಲ್ಲಿನ ಖಲಬತ್ತಿನಲ್ಲಿ ತಾಸುಗಟ್ಟಲೆ ಅರೆಯಬೇಕು, ಅಚ್ಚಿನಲ್ಲಿ ಒತ್ತಿ ಅಂಗಿಯ ಗುಂಡಿಯಷ್ಟು ಬಿಲ್ಲೆ ಮಾಡಬೇಕು, ಭಟ್ಟಿಯಲ್ಲಿ ಸುಡಬೇಕು, ಆಮೇಲೆ ಅದು ಏನಾಗಿದೆ ನೋಡಬೇಕು. ಅಡುಗೆಗೂ ಇದಕ್ಕೂ ವ್ಯತ್ಯಾಸವೆಂದರೆ, ಇಲ್ಲಿ ಕೆಟ್ಟದ್ದನ್ನು ಗಂಡನಿಗೆ ಬಡಿಸುವ ಅನುಕೂಲವಿಲ್ಲ.

ಆಕೆಯ ಬಿಲ್ಲೆಯ ಉದ್ದೇಶ ಗಾಳಿಯ ತೇವ ಅಳೆಯುವುದು. ಓದುವಾಗ ಸೊಲ್ಲಾಪುರದಲ್ಲಿ ಒಂದು ಮಗ್ಗದ ಶೆಡ್ಡಿನ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದಳಂತೆ. ಕೆಳಗೆ ಟವೆಲ್ ನೇಯುವ ಯಂತ್ರಗಳು. ನಮ್ಮೂರಿನ ಗಾಳಿ ಒಣಗಿದರೆ ನೂಲು ಹರಿಯುತ್ತದೆ, ನೂಲು ಹರಿದರೆ ಮಗ್ಗ ನಿಲ್ಲುತ್ತದೆ. ಗದ್ದಲಕ್ಕೆ ಎಲ್ಲರಿಗೂ ನಿದ್ದೆ ಕೆಟ್ಟರೆ ಈಕೆಗೆ ಗದ್ದಲ ನಿಂತಾಗ ಎಚ್ಚರವಾಗುತ್ತಿತ್ತು. ಕೆಳಗೆ ನೆಲಕ್ಕೆ ನೀರು ಹೊಡೆಯುವ ಸಪ್ಪಳ, ಆಮೇಲೆ ಬೈಗುಳ, ಆಮೇಲೆ ಮತ್ತೆ ಮಗ್ಗ. ಗಾಳಿ ಒಣಗುತ್ತಿದೆ ಎಂದು ನೂಲು ಹರಿಯುವ ಮೊದಲೇ ಹೇಳುವ, ಬಡ ಶೆಡ್ಡಿಗೂ ಎಟುಕುವ ಒಂದು ಬಿಲ್ಲೆ ಬೇಕು ಎಂಬುದು ಆಗ ಹೊಕ್ಕ ಹುಚ್ಚು. ತೇವ ತಾಗಿದರೆ ಬಿಲ್ಲೆಯ ವಿದ್ಯುತ್ ತಡೆ ಇಳಿಯಬೇಕು, ಮೀಟರಿನಲ್ಲಿ ಅಂಕಿ ಇಳಿಯಬೇಕು. ಇಳಿದಷ್ಟೂ ಒಳ್ಳೆಯದು. ಆಕೆಯ ಬಿಲ್ಲೆಗಳು ಮಾತ್ರ ಸಂಸ್ಕಾರವಂತ ಸೊಸೆಯರಂತೆ ಏನು ಮಾಡಿದರೂ ಮಿಸುಕುತ್ತಿರಲಿಲ್ಲ.

ಆಕೆಯ ಸ್ವಭಾವದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಕೆ ಸತ್ಯವಂತೆ ಎಂದರೆ ಉಪನ್ಯಾಸದಂತೆ ಕೇಳುತ್ತದೆ. ನಿಜವೆಂದರೆ ಆಕೆಗೆ ಅರ್ಧ ಹೇಳಿ ನಿಲ್ಲಿಸಲು ಬರುತ್ತಿರಲಿಲ್ಲ. ಒಮ್ಮೆ ವರನ ಕಡೆಯವರು ನೋಡಲು ಬಂದಿದ್ದರು. ಅಡುಗೆ ಬರುತ್ತದೆಯೇ ಎಂದು ಕೇಳಿದರು, ಎಲ್ಲರೂ ಕೇಳುವಂತೆ. ಜೋಳದ ರೊಟ್ಟಿ ಬರುತ್ತವೆ ಎಂದಳು. ಅಲ್ಲಿಗೆ ಬಿಟ್ಟಿದ್ದರೆ ಇಂದು ಯಾವುದೋ ಊರಿನಲ್ಲಿ ಮಕ್ಕಳ ಸಾಲಿ ಡಬ್ಬಿ ಕಟ್ಟುತ್ತಿರುತ್ತಿದ್ದಳು. ಶೇಂಗಾ ಹೋಳಿಗೆ ಒಡೆಯುತ್ತವೆ ಎಂದಳು. ಈಗ ನೀವು ತಿನ್ನುತ್ತಿರುವುದು ಬಾಜೂ ಮನೆಯವರು ಮಾಡಿದ್ದು ಎಂದೂ ಸೇರಿಸಿದಳು. ಅವರು ತಿಳಿಸುತ್ತೇವೆಂದು ಹೋದವರು ತಿಳಿಸಲಿಲ್ಲ. ಬಹಳ ಒಳ್ಳೆಯ ಮಂದಿ ಎಂದು ಮರುದಿನ ನನಗೆ ಹೇಳಿದಳು.

ತಾಯಿಗೆ ಮದುವೆಗಿಂತ ದೊಡ್ಡ ಚಿಂತೆಯೊಂದಿತ್ತು. ಅದರ ಹೆಸರು 'ಪರ್ಮನಂಟ್'. ತಂದೆ ಕೋರ್ಟಿನಲ್ಲಿ ಕಾರಕೂನರಾಗಿದ್ದು ಬೇಗ ತೀರಿಕೊಂಡವರು. ಮಗಳಿಗೆ ಅರ್ಜಿ ಹಾಕುವ ವಯಸ್ಸು ಮೀರುತ್ತ ಬಂದಿತ್ತು. ಹೊರಗಿನ ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕಿದರೆ ಅವರು ಕೇಳುವುದು ಒಂದೇ: ಸ್ವತಂತ್ರವಾಗಿ ಏನು ಮಾಡಿದ್ದೀರಿ? ಮಿಸುಕದ ಬಿಲ್ಲೆಗಳನ್ನು ಮಾಡಿದ್ದೇನೆ ಎಂದು ಬರೆಯಲು ಅದರಲ್ಲಿ ಜಾಗ ಇರುವುದಿಲ್ಲ.

ಇನ್ನು ಖಂಡೇನವಮಿಯ ವಿಷಯ.

ದಸರೆಯ ಹಿಂದಿನ ದಿನ ಸೊಲ್ಲಾಪುರದಲ್ಲಿ ಪೂಜೆಯಿಲ್ಲದ ಕಬ್ಬಿಣದ ತುಂಡು ಇರುವುದಿಲ್ಲ. ಮಗ್ಗ, ರಿಕ್ಷಾ, ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ, ಎಲ್ಲಕ್ಕೂ ಚೆಂಡುಹೂವು. ನಮ್ಮ ಪ್ರಯೋಗಶಾಲೆಗೂ ಆ ದಿನ ಭಕ್ತಿ ಬರುತ್ತದೆ. ನಾನು ವರ್ಷವಿಡೀ ಬುದ್ಧಿವಾದಿ, ಆ ದಿನ ಮಾತ್ರ ತೆಂಗಿನಕಾಯಿ ಒಡೆಯುವವನು. ಆಕೆಯದು ಹಾಗಲ್ಲ. ಆಕೆ ದಿನಾಲೂ ಹಣೆಗೆ ವಿಭೂತಿ ಹಚ್ಚುವವಳು, ಪೂಜೆಯನ್ನೂ ಪ್ರಯೋಗದಷ್ಟೇ ಶಿಸ್ತಾಗಿ ಮಾಡುವವಳು. ಬೋರಾಮಣಿಯಲ್ಲಿ ಆಕೆಯ ಅಜ್ಜಿಯ ಮನೆಯಿದೆ. ಅಲ್ಲಿ ಆಕಳ ಸಗಣಿ ಸುಟ್ಟು ಮಾಡಿದ ವಿಭೂತಿಯನ್ನೇ ತರುತ್ತಿದ್ದಳು, ಅಂಗಡಿಯದಲ್ಲ. ನೀರಿನಲ್ಲಿ ಕಲಸಿ ಭಟ್ಟಿಗೆ ಮೂರು ಬೆರಳು, ಅಚ್ಚಿಗೆ ಮೂರು ಬೆರಳು, ಖಲಬತ್ತಿಗೆ ಮೂರು ಬೆರಳು. ಒಂದು ವರ್ಷ ಖಲಬತ್ತಿಗೆ ಹಚ್ಚುವಾಗ ಹೊರಗಿನ ನುಣುಪು ಕಲ್ಲಿನ ಮೇಲೆ ವಿಭೂತಿ ನಿಲ್ಲಲಿಲ್ಲ; ಒಳಗೆ ಹಚ್ಚಿದಳು. ದಸರೆಯ ಮರುದಿನ ಒಣಬಟ್ಟೆಯಿಂದ ಒರೆಸಿ, ಎಂದಿನಂತೆ ಪುಡಿ ಹಾಕಿ ಅರೆದಳು.

ಆ ಸಲದ ಬಿಲ್ಲೆಗಳು ಸುಟ್ಟು ಹೊರಬಂದವು. ಮೀಟರಿಗೆ ಸಿಕ್ಕಿಸಿ, ದೂರದಿಂದ ಒಮ್ಮೆ 'ಹಾ' ಎಂದು ತೇವದ ಉಸಿರು ಬಿಟ್ಟಳು. ಅಂಕಿ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು.

ನಾನು ಚಹಾ ತರಿಸಿದೆ. ಆಕೆ ಕುಡಿಯಲಿಲ್ಲ. ಸಂತೋಷವಾದವರ ಮುಖ ಹಾಗಿರುವುದಿಲ್ಲ. ಮನೆಯಲ್ಲಿ ಯಾರೋ ಅಪರಿಚಿತರ ಚಪ್ಪಲಿ ಕಂಡವರ ಮುಖ ಹಾಗಿರುತ್ತದೆ. ಬರೆದು ಕಳಿಸು, ಎಂದೆ. ಒಳ್ಳೆಯ ಪತ್ರಿಕೆ ತೆಗೆದುಕೊಳ್ಳುತ್ತದೆ, ಆ ಕಾಗದ ಹಿಡಿದು ಎಲ್ಲಾದರೂ ಜಾಗ ಹಿಡಿಯಬಹುದು.

"ಒಮ್ಮೆ ಬಂದಿದ್ದು ಬಂದಂಗಲ್ರಿ ಸರ್," ಎಂದಳು. "ಇನ್ನೊಮ್ಮಿ ಬರಲಿ."

ಬರಲಿಲ್ಲ. ಅದೇ ಬಾಟಲಿಯ ಪುಡಿ, ಅದೇ ಶಾಖ, ಅದೇ ಕೈ. ಮುಂದಿನ ಬಿಲ್ಲೆಗಳು ಮತ್ತೆ ಸೊಸೆಯರಾದವು. ಚಳಿಗಾಲ ಹೋಯಿತು, ಸೊಲ್ಲಾಪುರದ ಬೇಸಿಗೆ ಬಂದಿತು, ಭಟ್ಟಿ ಬೇಕೋ ಬೇಡವೋ ಎನ್ನುವಷ್ಟು ಹೊರಗೇ ಕಾಯ್ದಿತು. ಕರೆಂಟಿನ ಮೇಲೆ ಸಂಶಯಪಟ್ಟಳು, ನೀರಿನ ಮೇಲೆ ಸಂಶಯಪಟ್ಟಳು, ಒಂದು ವಾರ ನಾನು ಮೂಗಿಗೇರಿಸುವ ತಪಕೀರಿನ ಮೇಲೂ ಸಂಶಯಪಟ್ಟು ನನ್ನನ್ನು ವರಾಂಡದಲ್ಲಿ ಕೂರಿಸಿದಳು. ಆ ಒಂದು ಸಲದ ಬಿಲ್ಲೆಗಳು ಗಾಜಿನ ಭರಣಿಯಲ್ಲಿ ಇದ್ದವು. ಯಾವಾಗ ಉಸಿರು ಬಿಟ್ಟರೂ ಅಂಕಿ ಇಳಿಯುತ್ತಿತ್ತು. ಕಾರಣ ಹೇಳುತ್ತಿರಲಿಲ್ಲ.

ಮತ್ತೆ ಖಂಡೇನವಮಿ ಬಂತು. ನಾನು ತೆಂಗಿನಕಾಯಿಯ ಜುಟ್ಟು ಕೀಳುತ್ತಿದ್ದೆ. ಆಕೆ ಭಟ್ಟಿಗೆ ಹಚ್ಚಿದಳು, ಅಚ್ಚಿಗೆ ಹಚ್ಚಿದಳು. ಖಲಬತ್ತಿನ ಮೇಲೆ ಬಂದ ಮೂರು ಬೆರಳು ಗಾಳಿಯಲ್ಲೇ ನಿಂತವು. ಎಷ್ಟೊತ್ತು ನಿಂತವೆಂದರೆ ಊದುಬತ್ತಿಯ ಬೂದಿ ಉದುರಿ ಬಿತ್ತು.

"ಸರ್," ಎಂದಳು ಮೆಲ್ಲಗೆ, "ಹ್ವಾದ ವರ್ಷ ಇದನ್ನ ಒಳಗ ಹಚ್ಚಿದ್ನಿ."

ವಿಜ್ಞಾನದ ಇತಿಹಾಸದಲ್ಲಿ ಇಂಥ ಗಳಿಗೆಗಳಲ್ಲಿ ದೊಡ್ಡವರು ದೊಡ್ಡ ಮಾತು ಆಡಿರುತ್ತಾರೆ. ನಾನು, ಹಾಗಾದರೆ ಕಾಯಿ ಒಡೆಯಲೋ ಬೇಡವೋ ಎಂದು ಕೇಳಿದೆ. ಒಡೀರಿ ಎಂದಳು.

ಆಮೇಲೆ ಆಕೆ ಮಾಡಿದ್ದನ್ನು ಯಾವ ತಾಸಿಕಾ ಮಾಸ್ತರಣಿಯೂ ಮಾಡುವ ಅಗತ್ಯವಿರಲಿಲ್ಲ. ವಿಭೂತಿ ಬೆರೆಸಿದ ಬಿಲ್ಲೆ ಮಾಡಿದಳು. ಅಂಕಿ ಇಳಿಯಿತು. ಮತ್ತೆ ಮಾಡಿದಳು, ಮತ್ತೆ ಇಳಿಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಬರುವುದಿಲ್ಲವಲ್ಲ. ಏನೂ ಬೆರೆಸದ ಬಿಲ್ಲೆ ಪಕ್ಕಕ್ಕಿಟ್ಟಳು. ಆಮೇಲೆ ಅಕ್ಕಲಕೋಟದ ಮನೆಗೆ ಹೋಗಿ, ಸ್ನಾನದ ನೀರು ಕಾಯಿಸುವ ಬಚ್ಚಲೊಲೆಯ ಮುಂದೆ ಡಬ್ಬಿ ಹಿಡಿದು ಕೂತಳು. ತೊಗರಿಕಟ್ಟಿಗೆಯ ಬೂದಿ. ತಾಯಿ ಬಾಗಿಲಲ್ಲಿ ನಿಂತು, ಡಾಕ್ಟರ್ ಆಗಿ ಬಂದು ಬೂದಿ ಬಳಿಯುತ್ತೀಯೇನೇ, ಇದಕ್ಕೇ ಆಗಿದ್ದರೆ ನಾಲ್ಕನೇ ಇಯತ್ತೆಯಲ್ಲೇ ಸಾಲಿ ಬಿಡಿಸುತ್ತಿದ್ದೆನಲ್ಲ ಎಂದರಂತೆ. ಆ ಬೂದಿಯ ಬಿಲ್ಲೆಯಲ್ಲೂ ಅಂಕಿ ಇಳಿಯಿತು. ಕೊನೆಗೆ ನಮ್ಮ ಕಪಾಟಿನ ಬಾಟಲಿಯಿಂದ ಪೊಟ್ಯಾಷಿಯಂ ಉಪ್ಪು ತೆಗೆದು ಒಂದು ಚಿಟಿಕೆ ಬೆರೆಸಿದಳು. ಅದು ಎಲ್ಲಕ್ಕಿಂತ ಚೆನ್ನಾಗಿ ಇಳಿಯಿತು. ಸಗಣಿಯ ಬೂದಿಯಲ್ಲೂ ಕಟ್ಟಿಗೆಯ ಬೂದಿಯಲ್ಲೂ ಇರುವುದು ಅದೇ ಉಪ್ಪು, ಗಾಳಿಯ ತೇವವನ್ನು ಎಳೆದುಕೊಳ್ಳುವುದು ಅದೇ. ಈಗ ನಡುವೆ ಏನಾಗುತ್ತದೆಂದು ಆಕೆಗೆ ಗೊತ್ತಿತ್ತು.

ತಾಯಿ ಈ ಕತೆಯ ಮೊದಲರ್ಧವನ್ನು ಮಾತ್ರ ಓಣಿಯಲ್ಲಿ ಹಂಚಿದರು. ಮಗಳು ಮಷೀನಿಗೆ ವಿಭೂತಿ ಹಚ್ಚಿದಳು, ಮಷೀನು ಪಾಸಾಯಿತು. ಮಾತು ಓಣಿಯಿಂದ ಗುಡಿಗೆ, ಗುಡಿಯಿಂದ ಆಕೆ ಪಾಠ ಮಾಡುತ್ತಿದ್ದ ಕಾಲೇಜಿನ ಅಧ್ಯಕ್ಷರಿಗೆ ಮುಟ್ಟಿತು.

ಅಧ್ಯಕ್ಷರೆಂದರೆ ಸೊಲ್ಲಾಪುರದ ಟವೆಲ್ ವ್ಯಾಪಾರಿ, ಸ್ವಂತ ಮಗ್ಗದ ಶೆಡ್ಡುಗಳಿರುವವರು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಾರೆ. ಕೆಟ್ಟ ಮನುಷ್ಯರೆಂದು ಬರೆದರೆ ಕತೆ ಸುಲಭವಾಗುತ್ತಿತ್ತು, ಆದರೆ ಅವರು ಕೆಟ್ಟವರಲ್ಲ. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಯ ತುಂಬ ವಿಭೂತಿ. ಒಂದು ಮಧ್ಯಾಹ್ನ ತಾವೇ ನಮ್ಮ ಪ್ರಯೋಗಶಾಲೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಆ ಖಲಬತ್ತಿಗೆ ಕೈಮುಗಿದರು. ನನಗೂ ಮುಗಿದರು, ಅದೇ ಓಟದಲ್ಲಿ.

"ತಂಗಿ," ಎಂದರು, "ನಮ್ಮ ವಿಭೂತಿಗೆ ಇವತ್ತ ವಿಜ್ಞಾನದ ಪುರಾವಾ ಸಿಕ್ಕಂಗಾತು."

"ವಿಭೂತಿಗೆ ಅಲ್ರಿ ಸಾವಕಾರ್ರ. ಅದರಾಗ ಒಂದು ಉಪ್ಪು ಐತ್ರಿ, ಅದು..."

"ಎಲ್ಲಾ ಸಭಾದಾಗ ಹೇಳಂತಿ. ಮಂದಿ ಕೇಳಲಿ. ಕಾಲೇಜಿನ್ಯಾಗ ಒಂದು ಜಾಗಾ ಬಂದೈತಿ. ಸತ್ಕಾರ ಮುಗದ ಮ್ಯಾಲ ಆರ್ಡರ್ ತಗೊಂಡ ಮನಿಗೆ ಹೋಗು."

ಅವರು ಹೋದ ಮೇಲೆ ಆಕೆ ಬಹಳ ಹೊತ್ತು ಒಂದೇ ಬಿಲ್ಲೆಯನ್ನು ಒರೆಸಿದಳು. ಪರ್ಮನಂಟ್ ಎಂಬ ವಸ್ತು, ಇಷ್ಟು ವರ್ಷ ಅರ್ಜಿಗಳ ಆಚೆ ದಡದಲ್ಲಿದ್ದದ್ದು, ಧೋತರ ಉಟ್ಟು ಮನೆಬಾಗಿಲಿಗೆ ಬಂದು ಹೋಗಿತ್ತು. ಮನೆಯಲ್ಲಿ ತಾಯಿ ಆಗಲೇ ಹೊಸ ಸೀರೆಗೆ ಫಾಲ್ ಹಚ್ಚಿಸಲು ಕೊಟ್ಟಿದ್ದರು.

ಸತ್ಕಾರದ ದಿನ ಮೀಟರು ಒಯ್ಯಲು ಬಂದಿದ್ದ ಆಕೆಯೊಡನೆ ನಾನೂ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಬಸ್ಸಿನಲ್ಲಿ ಹೊರಟೆ. ಆಕೆಯ ತೊಡೆಯ ಮೇಲೆ ಒಂದು ಚೀಲ. ಒಳಗೆ ಮೀಟರು ಮತ್ತು ನಾಲ್ಕು ಬಿಲ್ಲೆಗಳ ಡಬ್ಬಿ. ನಾಲ್ಕೂ ಕಂಡಾಗಲೇ ನನಗೆ ಕೆಮ್ಮು ಬಂತು. ಹಿರಿಯನಾಗಿ ನನ್ನ ಕರ್ತವ್ಯ ಮಾಡಿದೆ. ಇದು ಸತ್ಕಾರ, ಸಂಶೋಧನಾ ಗೋಷ್ಠಿಯಲ್ಲ. ಒಂದು ಬಿಲ್ಲೆ ತೋರಿಸು, ಶಾಲು ಹೊದ್ದುಕೋ, ಕೂಡು. ಉಪ್ಪಿನ ವಿಚಾರ ನಿನ್ನ ಲೇಖನದಲ್ಲಿ ಬರೆದೇ ಬರೆಯುತ್ತೀಯ, ಸಾವಕಾರ್ರು ಅದನ್ನು ಓದುವ ಅಪಾಯವಿಲ್ಲ, ಎಂದು ವಿವರವಾಗಿ ಹೇಳಿದೆ. ಎಲ್ಲ ಕೇಳಿ ಹೂಂ ಎಂದಳು. ಕೇಳಿಸಿತು ಎಂಬುದಕ್ಕೆ ಆಕೆ ಹೂಂ ಎನ್ನುತ್ತಾಳೆ, ಒಪ್ಪಿದೆ ಎಂಬುದಕ್ಕೆ ಬೇರೆ ಏನನ್ನೋ ಹೇಳುತ್ತಾಳೆ. ಅದೇನೆಂದು ನಾನು ಈವರೆಗೆ ಕೇಳಿಲ್ಲ.

ಕಾಲೇಜಿನ ಸಭಾಗೃಹ ತುಂಬಿತ್ತು. ಹಿಂದೆ ಬ್ಯಾನರಿನಲ್ಲಿ ಆಕೆಯ ಫೋಟೋ, ನಿಜಕ್ಕಿಂತ ಬೆಳ್ಳಗೆ. ಮುಂದಿನ ಸಾಲಿನಲ್ಲಿ ತಾಯಿ ಹೊಸ ಸೀರೆಯಲ್ಲಿ. ಭಾಷಣಗಳಾದವು. ವಿಮಾನದಿಂದ ಹಿಡಿದು ಮೊಬೈಲಿನವರೆಗೆ ಎಲ್ಲವನ್ನೂ ನಮ್ಮ ಹಿರಿಯರು ಮೊದಲೇ ಮಾಡಿಟ್ಟಿದ್ದರೆಂದು ಒಬ್ಬರು ಹೇಳಿದರು. ಸಭಾಗೃಹದ ಮೈಕು ಮಾತ್ರ ಅವರು ಮಾಡಿದ್ದಲ್ಲವೆಂದು ಕಾಣುತ್ತದೆ, ಪದೇ ಪದೇ ಕೈಕೊಟ್ಟಿತು. ಶಾಲು ಹೊದಿಸಿದರು. ಆಮೇಲೆ ಸಾವಕಾರ್ರು, ಈಗ ತಂಗಿ ತಾನೇ ತೋರಿಸುತ್ತಾಳೆ, ಎಂದರು.

ಆಕೆ ಮೀಟರು ಹಚ್ಚಿ ವಿಭೂತಿಯ ಬಿಲ್ಲೆ ಸಿಕ್ಕಿಸಿ ಉಸಿರು ಬಿಟ್ಟಳು. ಅಂಕಿ ಇಳಿಯಿತು. ಸಾವಕಾರ್ರು ನನ್ನ ಕಿವಿಯಲ್ಲಿ, ಇಳಿಯುವುದು ಒಳ್ಳೆಯದೋ ಏರುವುದು ಒಳ್ಳೆಯದೋ ಎಂದು ಕೇಳಿದರು. ಇಳಿಯುವುದು, ಎಂದೆ. ಅವರು ಚಪ್ಪಾಳೆ ತಟ್ಟಿದರು, ಸಭೆ ತಟ್ಟಿತು. ಅವರ ಕಣ್ಣಲ್ಲಿ ನೀರಿತ್ತು, ನಾಟಕದ್ದಲ್ಲ.

ಆಕೆ ಎರಡನೆಯದನ್ನು ಸಿಕ್ಕಿಸಿದಳು. ಇದರಲ್ಲಿ ಏನೂ ಬೆರೆಸಿಲ್ಲ ಎಂದಳು. ಉಸಿರು ಬಿಟ್ಟಳು, ಅಂಕಿ ಮಿಸುಕಲಿಲ್ಲ. ಚಪ್ಪಾಳೆ ಇಮ್ಮಡಿಯಾಯಿತು. ವಿಭೂತಿಯಿಲ್ಲದಿದ್ದರೆ ಜೀವವೇ ಇಲ್ಲ ನೋಡಿ, ಎಂದು ಹಿಂದಿನಿಂದ ಯಾರೋ ಕೂಗಿದರು. ಇಲ್ಲಿಗೆ ಕರೆಂಟು ಹೋಗಲಿ ಎಂದು ನಾನು, ತೆಂಗಿನಕಾಯಿಯ ದಿನವಲ್ಲದಿದ್ದರೂ, ಪ್ರಾರ್ಥಿಸಿದೆ. ಹೋಗಲಿಲ್ಲ.

ಮೂರನೆಯದು ತಮ್ಮ ಮನೆಯ ಬಚ್ಚಲೊಲೆಯ ಬೂದಿಯದು ಎಂದಳು. ಅಂಕಿ ಇಳಿಯಿತು. ಒಂದಿಬ್ಬರು ಚಪ್ಪಾಳೆ ಶುರುಮಾಡಿ, ಸುತ್ತ ನೋಡಿ ಕೈ ಇಳಿಸಿದರು. ನಾಲ್ಕನೆಯದು ಬಾಟಲಿಯ ಉಪ್ಪಿನದು ಎಂದಳು. ಅಂಕಿ ಮೊದಲಿನದಕ್ಕಿಂತ ಕೆಳಗೆ ಹೋಯಿತು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರು ಇರದಿದ್ದರೂ.

ಆಕೆ ಮೈಕನ್ನು ಸರಿಮಾಡಿಕೊಂಡು ಸಾವಕಾರ್ರ ಕಡೆ ತಿರುಗಿದಳು.

"ಸಾವಕಾರ್ರ, ವಿಭೂತಿ ನಾ ದಿನಾ ಹಚ್ಚಿಕೋತೀನ್ರಿ. ನಾಳೆನೂ ಹಚ್ಚಿಕೋತೀನಿ. ಅದಕ್ಕ ಈ ಮೀಟರಿನ ಸಾಕ್ಷಿ ಬ್ಯಾಡ್ರಿ."

ಇಷ್ಟು ಹೇಳಿ ನಮಸ್ಕಾರ ಮಾಡಿ ಕೂತಳು. ಸಾವಕಾರ್ರು ಎದ್ದು ನಿಂತು, ಊಟ ತಯಾರಾಗಿದೆ ಎಂದು ಘೋಷಿಸಿದರು. ಆ ದಿನದ ಕಾರ್ಯಕ್ರಮದಲ್ಲಿ ಎಲ್ಲರೂ ಒಪ್ಪಿದ ಮಾತು ಅದೊಂದೇ.

ಆರ್ಡರ್ ಸಿಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಆ ಜಾಗ ಮುಂದೆ ಇನ್ನೊಬ್ಬರಿಗೆ ಹೋಯಿತು, ನಿಯಮದ ಪ್ರಕಾರವೇ ಎಂದು ತಿಳಿಸಲಾಯಿತು. ಊಟವಾದ ಮೇಲೆ ಕೈ ತೊಳೆಯುವಲ್ಲಿ ಸಾವಕಾರ್ರು ನನ್ನ ಪಕ್ಕ ನಿಂತರು. ಸಿಟ್ಟಿರಲಿಲ್ಲ. "ಖರೇನ ಹೇಳಿದ್ಲ್ರಿ ಸರ್," ಎಂದರು. "ಆದ್ರ ಇವತ್ತೊಂದಿನ ಬಿಟ್ಟು ಹೇಳಿದ್ರ ಏನಾಗತಿತ್ತು?" ನನ್ನದೂ ಅದೇ ಪ್ರಶ್ನೆಯಾಗಿತ್ತು.

ತಾಯಿ ಮಗಳೊಡನೆ ಮಾತಾಡದೆ ಮನೆಗೆ ನಡೆದರು. ಮಗಳು ಮೀಟರು ಸೊಲ್ಲಾಪುರಕ್ಕೆ ಮುಟ್ಟಿಸಬೇಕೆಂದು ನನ್ನ ಜೊತೆ ಬಸ್ಸು ಹತ್ತಿದಳು. ಮೀಟರನ್ನು ನಾನೂ ಒಯ್ಯಬಹುದಿತ್ತು. ಅದನ್ನು ನಾನು ಎತ್ತಲಿಲ್ಲ. ಶಾಲನ್ನು ನಾಲ್ಕು ಮಡಿಕೆ ಮಾಡಿ ಮೀಟರಿಗೆ ಸುತ್ತಿದ್ದಳು, ಗುಂಡಿಗಳಲ್ಲಿ ಬಸ್ಸು ಕುಣಿಯುತ್ತದೆಂದು. ಊರು ದಾಟಿದ ಮೇಲೆ ಕೇಳಿದಳು.

"ಸಾವಕಾರ್ರ ಕಣ್ಣಾಗ ನೀರು ಬಂದಿದ್ದು ನೋಡಿದ್ರೇನ್ರಿ ಸರ್? ಮೊದಲನೇ ಬಿಲ್ಲಿಗೆ."

ನೋಡಿದೆ ಎಂದೆ.

"ಅಲ್ಲೇ ನಿಂದರಬೇಕು ಅನಿಸ್ತ್ರಿ. ಖರೇನ ಅನಿಸ್ತು. ಅವ್ವ ಮುಂದನ ಕುಂತಿದ್ಲು."

"ಮತ್ಯಾಕ ನಿಂದರಲಿಲ್ಲವ್ವಾ?"

ಆಕೆ ನನ್ನನ್ನು ನೋಡಿದ ರೀತಿ, ಭೌತಶಾಸ್ತ್ರ ಕಲಿಸಿದವನು ಇದನ್ನು ಕೇಳುತ್ತಾನೆಯೇ ಎಂಬಂತಿತ್ತು.

"ಇನ್ನೂ ಮೂರು ಬಿಲ್ಲಿ ಉಳದಿದ್ವಲ್ರಿ."

ಆಮೇಲೆ ಕಿಟಕಿಯ ಕಡೆ ತಿರುಗಿ ಅತ್ತಳು. ನಾನು ಬಸ್ಸಿನ ಛಾವಣಿಯ ರಿವೆಟ್ಟುಗಳನ್ನು ಬಹಳ ಶ್ರದ್ಧೆಯಿಂದ ಪರಿಶೀಲಿಸಿದೆ.

ಲೇಖನ ಬರೆದಳು. ವಿಧಾನ ಎಂಬ ಭಾಗದಲ್ಲಿ, ಮೊದಲ ಸಲ ಬೂದಿ ಬೆರೆತದ್ದು ವಾರ್ಷಿಕ ಪೂಜೆಯ ವೇಳೆ, ಸಂಶೋಧಕಿಯ ಕೈಯಿಂದ, ಅರಿವಿಲ್ಲದೆ ಎಂದು ಇದ್ದುದನ್ನು ಇದ್ದಂತೆ ಬರೆದಳು. ಆ ಸಾಲು ತೆಗೆ, ನಗುತ್ತಾರೆ ಎಂದೆ. ನಗಲಿ ಎಂದಳು. ಪತ್ರಿಕೆಯವರು ಓದಲು ಕೊಟ್ಟ ಪರೀಕ್ಷಕರಲ್ಲಿ ಒಬ್ಬರು ಹತ್ತು ತಕರಾರು ತೆಗೆದರು, ಆ ಸಾಲನ್ನು ಮಾತ್ರ ಮುಟ್ಟಬಾರದೆಂದು ಬರೆದರು. ಸಾವಕಾರ್ರು ಕೆಲವು ತಿಂಗಳ ಮೇಲೆ ತಮ್ಮ ಮ್ಯಾನೇಜರನನ್ನು ಕಳಿಸಿ, ಶೆಡ್ಡಿಗೆ ಹಚ್ಚಲು ಬಿಲ್ಲೆಗಳಿವೆಯೇ ಎಂದು ಕೇಳಿಸಿದರು. ಯಾವುದು ಬೇಕೆಂದು ನಾನು ವಿಚಾರಿಸಿದೆ. ಬಾಟಲಿಯ ಉಪ್ಪಿನದು, ಅದೇ ಜಾಸ್ತಿ ಇಳಿದಿತ್ತಂತಲ್ಲ, ಎಂದ ಮ್ಯಾನೇಜರ. ವ್ಯಾಪಾರದ ಮಂದಿ ಸಭೆಯಲ್ಲಿ ಅತ್ತರೂ ಅಂಕಿ ಮರೆಯುವುದಿಲ್ಲ.

ತಾಸಿಕಾ ಕೆಲಸ ಮತ್ತೂ ಎರಡು ವರ್ಷ ನಡೆಯಿತು. ಸಂದರ್ಶನಗಳಿಗೆ ಹೋದಳು, ಬಂದಳು. ತಾಯಿ ಮೊದಲು ಆರತಿ ಮಾಡಿ ಕಳಿಸುತ್ತಿದ್ದರು, ಆಮೇಲೆ ಡಬ್ಬಿ ಕಟ್ಟಿ ಮಾತ್ರ ಕಳಿಸುತ್ತಿದ್ದರು. ವಯಸ್ಸಿನ ಮಿತಿಗೆ ಇನ್ನೊಂದೇ ಹಬ್ಬ ಉಳಿದಿರುವಾಗ ದೂರದ ರಾಜ್ಯದ ಒಂದು ಸಂಶೋಧನಾ ಸಂಸ್ಥೆಯಿಂದ ಕರೆ ಬಂತು. ಅಲ್ಲಿ ಸಂದರ್ಶನ ಮಾಡಿದವರು ಆ ಲೇಖನವನ್ನು ಮೇಜಿನ ಮೇಲಿಟ್ಟುಕೊಂಡಿದ್ದರಂತೆ. ಮುಂದಿನದು ಸರಳ: ತೆಗೆದುಕೊಂಡರು. ನಮ್ಮ ಮೇಜನ್ನು ತಾನೇ ತಿಕ್ಕಿ ತೊಳೆದಿಟ್ಟು, ಕೀಲಿಕೈ ನನ್ನ ಕೈಗಿಟ್ಟು, ಕಾಲಿಗೆ ಬಿದ್ದು ಹೋದಳು. ಆಶೀರ್ವಾದವೆಂದು ಏನೋ ಸಂಸ್ಕೃತದಲ್ಲಿ ಶುರುಮಾಡಿದೆ, ಮುಗಿಸಲಾಗಲಿಲ್ಲ.

ಮೊನ್ನೆ ತಾಯಿ ಅಕ್ಕಲಕೋಟದಿಂದ ಪೇಢೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಕೂತರು, ನೀರು ಕುಡಿದರು, ಡಬ್ಬಿ ತೆರೆದರು.

"ಕೆಲಸಾ ಸಿಕ್ತು ಖರೇ ಸರ್. ಆದ್ರ ಮೊದಲು ಪ್ರೊಬೇಷನ್ ಅಂತ್ರಿ. ಅದು ಮುಗಿಯೂತನಕರ ಬಾಯಿ ಮುಚ್ಚಿಕೊಂಡಿರು ಅಂತ ಹೇಳ್ರಿ. ನಾ ಹೇಳಿದ್ರ ಕೇಳಾಂಗಿಲ್ಲ. ನಿಮ್ಮ ಮಾತು ಮೀರಾಂಗಿಲ್ಲ ಅಕಿ."

ನಾನು ಒಳಗಿನ ಖೋಲಿಗೆ ಹೋಗಿ ಫೋನು ಮಾಡಿದೆ. ಪೀಠಿಕೆ ಹಾಕಿ, ಹೊಸ ಜಾಗದಲ್ಲಿ ವರ್ತಿಸುವ ಬಗೆಯನ್ನು ಕ್ರಮವಾಗಿ ವಿವರಿಸುತ್ತ ಬಂದೆ. ಆಕೆ ಮೆಲುದನಿಯಲ್ಲಿ ತಡೆದಳು.

"ತಡಾ ಆತಲ್ರಿ ಸರ್. ನಿನ್ನೇನ ಹೇಳಿಬಿಟ್ನಿ."

"ಏನ್ ಹೇಳಿದಿ? ಯಾರಿಗೆ?"

"ಡೈರೆಕ್ಟರ್ ಸಾಹೇಬ್ರಿಗೆ. ಇಲ್ಲಿ ದೊಡ್ಡ ಭಟ್ಟಿ ಶಾಖಾ ತಪ್ಪು ತೋರಸತೈತ್ರಿ. ಅವರ ಹಳೇ ಕೆಲಸಾ ಎಲ್ಲಾ ಅದರಾಗನ ಆಗೈತಿ."

ನಾನು ಮಂಚದ ಮೇಲೆ ಕೂತೆ. ಅವರೇನಂದರು ಎಂದು ಕೇಳಿದೆ.

"ನಿನ್ನೆ ಏನೂ ಅನಲಿಲ್ರಿ. ಇವತ್ತ ಮುಂಜಾನಿ ತಾವ ಬಂದ್ರು. ಈಗ ಇಬ್ಬರೂ ಕೂಡಿ ಭಟ್ಟಿ ಬಿಚ್ಚಾಕತ್ತೀವಿ. ಸಾಹೇಬ್ರು ಬ್ಯಾಟರಿ ಹಿಡಕೊಂಡು ನಿಂತಾರ, ಅವರ ಕೈ ಸೋತಾವು. ಆಮ್ಯಾಲ ಮಾತಾಡ್ತೀನ್ರಿ ಸರ್."

ಹೊರಗೆ ಬಂದೆ. ತಾಯಿ ಪೇಢೆ ಕೈಯಲ್ಲಿ ಹಿಡಿದೇ ಕಾಯುತ್ತಿದ್ದರು.

"ಏನಂದ್ಲ್ರಿ?"

"ಬಾಯಿ ಮುಚ್ಚಿಕೊಂಡು ಕೆಲಸಾ ಮಾಡಾಕತ್ತಾಳ," ಎಂದೆ.

ಅವರ ಮುಖ ಅರಳಿತು. ಇನ್ನೊಂದು ತಗೊಳ್ರಿ ಎಂದು ಡಬ್ಬಿ ಮುಂದೆ ಹಿಡಿದರು. ತೆಗೆದುಕೊಂಡೆ.